"ಅಪ್ಪನಿಗೆ ಹೇಳಬೇಡಿ ಮೇಡಂ" ಅಂದರೆ ನಾನೇನು ಮಾಡುತ್ತೇನೆ?

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ. ಬಸ್ಸಿನಲ್ಲಿ ಸಿಕ್ಕ ಹಳೇ ಗೆಳತಿ ಕೇಳುತ್ತಾಳೆ. ನಾನು ಕ್ಯಾನ್ಸರ್ ಡಾಕ್ಟರ್ ಅಂತ ಗೊತ್ತಾದ ಕೂಡಲೇ ಎಲ್ಲರದೂ ಇದೇ ಪ್ರಶ್ನೆ: "ಮನೆಯವರು ಹೇಳಬೇಡಿ ಅಂದರೂ ನೀವು ಪೇಷೆಂಟಿಗೆ ನಿಜ ಹೇಳಿಬಿಡ್ತೀರಾ?"

ನಾನಾಗಿ ಮೇಲೆ ಬಿದ್ದು ಹೇಳುವುದಿಲ್ಲ. ಪೇಷೆಂಟೇ ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳುವುದಕ್ಕೆ ಅವರಿಗೆ ಅವಕಾಶವನ್ನೇ ಕೊಡದೆ ಇರುವುದಿಲ್ಲ. ಈ ಕೊನೆಯದನ್ನು ಕಲಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಆ ಮಾತು ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಅಪ್ಪ ತೂಕ ನೋಡಿಸೋಕೆ ಆಚೆ ಹೋಗಿರುತ್ತಾರೆ. ಮಗ ಬಾಗಿಲು ಅರ್ಧ ಮುಚ್ಚಿ ಒಳಗೆ ಬರುತ್ತಾನೆ. "ಹುಣ್ಣು ಅಂತ ಹೇಳಿದೀವಿ ಮೇಡಂ. ನೀವೂ ಹಾಗೇ ಹೇಳಿ. ಗೊತ್ತಾದರೆ ಊಟ ಬಿಟ್ಟುಬಿಡ್ತಾರೆ." ಕೆಲವರು ಇನ್ನೂ ಮುಂದಕ್ಕೆ ಹೋಗಿ, ಚೀಟಿಯಲ್ಲಿ ಕಿದ್ವಾಯಿ ಅಂತ ಬರೆಯಬೇಡಿ ಅನ್ನುತ್ತಾರೆ. ಬೆಂಗಳೂರಿನ ಆ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಎಷ್ಟೋ ಬಡವರನ್ನು ನೋಡಿಕೊಂಡಿದೆ. ಆದರೆ ಅದರ ಹೆಸರೇ ನಮ್ಮಲ್ಲಿ ಕಾಯಿಲೆಯ ಹೆಸರಾಗಿ ಕೂತಿದೆ. ಹೆಸರು ಓದಿದರೆ ಸಾಕು, ಉಳಿದದ್ದನ್ನು ಯಾರೂ ಹೇಳಬೇಕಾಗಿಲ್ಲ.

ಈ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನ ಒಡವೆ ಅಡವಿಟ್ಟು ದುಡ್ಡು ತಂದಿರುತ್ತಾನೆ. ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುತ್ತಾನೆ. ಅವನು ಬಚ್ಚಿಡುವುದು ಪ್ರೀತಿಯಿಂದಲೇ. ಹಾಗಾಗಿಯೇ ಅವನಿಗೆ ಇಲ್ಲ ಅನ್ನುವುದು ಕಷ್ಟ.

ಹೊಸದರಲ್ಲಿ ನಾನೂ ಹೂಂ ಅನ್ನುತ್ತಿದ್ದೆ. ಆಗ ಒಬ್ಬರು ಅಡಿಕೆ ತೋಟದ ಯಜಮಾನರು ನಮ್ಮಲ್ಲಿದ್ದರು. ಜಠರದ ಕ್ಯಾನ್ಸರ್, ಲಿವರಿಗೂ ಹಬ್ಬಿತ್ತು. ಮನೆಯವರ ಮಾತಿನಂತೆ ನಾನು ಹುಣ್ಣು ಅಂದೆ. ಪ್ರತಿ ರೌಂಡ್ಸಿನಲ್ಲೂ ಅವರು ಕೇಳುತ್ತಿದ್ದರು, "ಇದು ಯಾವಾಗ ಮಾಯುತ್ತೆ?" ನಾನು "ನಿಧಾನ ಆಗುತ್ತೆ" ಅನ್ನುತ್ತಿದ್ದೆ. ಆಸ್ತಿ ಪಾಲಾದಾಗಿನಿಂದ ಅವರು ತಮ್ಮನ ಜೊತೆ ಮಾತು ಬಿಟ್ಟಿದ್ದರು. ತಮ್ಮನೇ ನೋಡೋಕೆ ಬರುತ್ತೇನೆ ಅಂತ ಹೇಳಿ ಕಳಿಸಿದ್ದರು. ಇವರು ಒಪ್ಪಲಿಲ್ಲ. "ಮನೆಗೆ ಹೋದ ಮೇಲೆ ಮಾತಾಡ್ತೀನಿ. ಇಲ್ಲಿ ಹಾಸಿಗೆ ಮೇಲೆ ಮಲಗಿಕೊಂಡು ಸೋತವನ ಹಾಗೆ ಮಾತಾಡಲ್ಲ" ಅಂತ ನನ್ನ ಎದುರೇ ಹೇಳಿದರು. ಮನೆಗೆ ಹೋಗುವುದು ಇನ್ನು ಆಗದ ಮಾತು ಅಂತ ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ತಮ್ಮ ಬರುವ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ. ಕಾರಿಡಾರಿನಲ್ಲಿ ಆ ತಮ್ಮ ನನ್ನನ್ನು ತಡೆದು ಕೇಳಿದರು: "ಅಣ್ಣನಿಗೆ ಗೊತ್ತಿತ್ತಾ?" ಇಲ್ಲ ಅಂದೆ. ಅವರು ಇನ್ನೇನೂ ಕೇಳಲಿಲ್ಲ. ಆ ಪ್ರಶ್ನೆ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಫಾರಿನ್ನಲ್ಲಿ ಮುಖಕ್ಕೆ ಹೇಳಿಬಿಡ್ತಾರೆ, ನಮ್ಮ ಸಂಸ್ಕೃತಿಗೆ ಅದು ಒಗ್ಗಲ್ಲ" ಅನ್ನುವವರು ಜಾಸ್ತಿ. 1961ರಲ್ಲಿ ಅಮೆರಿಕದ ಶಿಕಾಗೋ ನಗರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರುಗಳನ್ನು ಇದೇ ಪ್ರಶ್ನೆ ಕೇಳಿದ್ದರು. ಸುಮಾರು ಶೇಕಡ 90ರಷ್ಟು ಮಂದಿ, ಕ್ಯಾನ್ಸರ್ ಅಂತ ರೋಗಿಗೆ ಹೇಳದೇ ಇರುವುದೇ ನಮ್ಮ ರೂಢಿ ಅಂದರು. ಅದೇ ದೇಶದಲ್ಲಿ 1979ರಲ್ಲಿ ಮತ್ತೆ ಕೇಳಿದಾಗ ಶೇಕಡ 97ರಷ್ಟು ಮಂದಿ ಹೇಳುತ್ತೇವೆ ಅಂದರು. ನಡುವೆ ಇದ್ದದ್ದು 18 ವರ್ಷ ಅಷ್ಟೇ. ಅವರೂ ಒಂದು ಕಾಲಕ್ಕೆ ನಮ್ಮ ಹಾಗೇ ಬಚ್ಚಿಡುತ್ತಿದ್ದರು, ಅಲ್ವಾ?

ನಮ್ಮ ಕಾನೂನು ಏನು ಹೇಳುತ್ತದೆ? ವೈದ್ಯರ ನಡವಳಿಕೆಗೆ 2002ರ ನಿಯಮಗಳಿವೆ. ಕಾಯಿಲೆಯನ್ನು ಇರುವುದಕ್ಕಿಂತ ದೊಡ್ಡದು ಮಾಡಿಯೂ ಹೇಳಬಾರದು, ಚಿಕ್ಕದು ಮಾಡಿಯೂ ಹೇಳಬಾರದು ಅನ್ನುತ್ತವೆ. ಆದರೆ ಯಾರಿಗೆ ತಿಳಿಸಬೇಕು ಅನ್ನುವಲ್ಲಿ ರೋಗಿಯ ಜೊತೆಗೆ ಸಂಬಂಧಿಕರು, ಜವಾಬ್ದಾರಿ ಇರುವ ಸ್ನೇಹಿತರು ಎಲ್ಲರೂ ಬರುತ್ತಾರೆ. ನಾವು ಡಾಕ್ಟರುಗಳು ನುಸುಳಿಕೊಳ್ಳುವುದು ಆ ಬಾಗಿಲಿನಿಂದಲೇ.

ಚಿಕಿತ್ಸೆಗೆ ಒಪ್ಪಿಗೆಯ ವಿಷಯಕ್ಕೆ ಬಂದರೆ ಆ ಬಾಗಿಲು ಇಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಇತ್ತು. 44 ವರ್ಷದ ಹೆಣ್ಣುಮಗಳು ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಅಂತ ಒಪ್ಪಿ ಅರಿವಳಿಕೆಯಲ್ಲಿ ಮಲಗಿದ್ದರು. ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಡಾಕ್ಟರು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಜೀವಕ್ಕೆ ಅಪಾಯದ ತುರ್ತು ಇರಲಿಲ್ಲ, ಎಚ್ಚರವಾದ ಮೇಲೆ ಅವರನ್ನೇ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ಕಿಮೋ ಚಿಕಿತ್ಸೆಯ ಒಪ್ಪಿಗೆ ಫಾರ್ಮಿಗೆ ಮಗನ ಸಹಿ ಹಾಕಿಸಿಕೊಳ್ಳುವಾಗಲೆಲ್ಲ ಈ ತೀರ್ಪು ನನಗೆ ನೆನಪಾಗುತ್ತದೆ. ಹುಣ್ಣು ಅಂತ ನಂಬಿದವರಿಂದ ಯಾವುದಕ್ಕೆ ಒಪ್ಪಿಗೆ ಪಡೆಯೋದು? ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವ ಹಕ್ಕನ್ನು ಇದೇ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಅದರ ವಿಧಾನವನ್ನೂ ಸುಲಭ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಆದರೆ ಹುಣ್ಣಿನವರು ಆ ಕಾಗದ ಬರೆಯೋಕೆ ಯಾಕೆ ಹೋಗುತ್ತಾರೆ?

ಈಗ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಮನೆಯವರು "ಹೇಳಬೇಡಿ" ಅನ್ನುವುದಕ್ಕೆ ಮುಂಚೆಯೇ ಕೆಲಸ ಕೆಟ್ಟಿರುತ್ತದೆ. ಕೆಡಿಸಿದವರು ನಾವು. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆಯ ರಿಪೋರ್ಟ್ ಬಂದ ತಕ್ಷಣ ಮಗನಿಗೆ ಸನ್ನೆ ಮಾಡಿ ಒಳಗೆ ಕರೆಯುತ್ತೇವೆ. ಅಪ್ಪ ಬೆಂಚಿನ ಮೇಲೆ ಕಾಯುತ್ತಾ ಕೂತಿರುತ್ತಾರೆ. ಅವರ ಮೈಯ ಸುದ್ದಿಯನ್ನು ಅವರನ್ನು ಕೇಳದೇ ಇನ್ನೊಬ್ಬರ ಕೈಗಿಡುತ್ತೇವೆ. ಆಮೇಲೆ ಆ ಹುಡುಗ ಗುಟ್ಟು ಕಾಯದೆ ಇನ್ನೇನು ಮಾಡಿಯಾನು?

ಹಾಗಾಗಿ ನಾನು ಬಯಾಪ್ಸಿಗೆ ಸೂಜಿ ಹಾಕುವುದಕ್ಕೆ ಮೊದಲೇ ಪೇಷೆಂಟನ್ನು ಕೇಳುತ್ತೇನೆ. "ರಿಪೋರ್ಟ್ ಬಂದಮೇಲೆ ಎಲ್ಲಾ ನಿಮಗೇ ಹೇಳಲಾ, ಇಲ್ಲಾ ಮನೆಯಲ್ಲಿ ಯಾರಿಗಾದರೂ ಹೇಳಲಾ?" ಉತ್ತರವನ್ನು ಫೈಲಿನಲ್ಲಿ ಬರೆಯುತ್ತೇನೆ. ಒಬ್ಬರು, "ನನ್ನ ಹೆಂಡತಿಗೆ ಹೇಳಿ, ನನಗೆ ಬೇಡ" ಅಂದರು. ಹಾಗೇ ಮಾಡಿದೆ. ಅದು ಅವರೇ ಕೊಟ್ಟ ಅಪ್ಪಣೆ. ಪ್ರತಿ ಕಿಮೋಗೆ ಬಂದಾಗ, ಈಗಲೂ ಹಾಗೇನಾ ಅಂತ ಕೇಳುತ್ತಿದ್ದೆ. ಕೊನೆಯವರೆಗೂ ಹೌದು ಅಂದರು.

ಬೇರೆ ಕಡೆ ಪರೀಕ್ಷೆ ಮಾಡಿಸಿ, ಗುಟ್ಟು ಕಟ್ಟಿಕೊಂಡೇ ಬರುವವರು ಇರುತ್ತಾರೆ. ಮಾರ್ಕೆಟಿನಲ್ಲಿ ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಅಮ್ಮ ಹಾಗೆ ಬಂದರು. ಮಗ ಮೊದಲೇ ಎಚ್ಚರಿಸಿದ್ದ. ನಾನು ಅವನಿಗೆ ಹೇಳಿದೆ, "ನಾನಾಗಿ ಹೇಳಲ್ಲಪ್ಪ. ಆದರೆ ಕೇಳಿದರೆ ಸುಳ್ಳು ಹೇಳಲ್ಲ. ನೀನೂ ಪಕ್ಕದಲ್ಲೇ ಕೂತ್ಕೋ." ಆಮೇಲೆ ಅಮ್ಮನನ್ನು ಕೇಳಿದೆ, "ಈ ನೋವು ಯಾಕಿರಬಹುದು ಅಂತ ನಿಮಗೆ ಅನಿಸುತ್ತಮ್ಮಾ?"

"ಗಡ್ಡೆ ಅಂತಾನೆ ಇವನು. ಹೇಳುವಾಗ ನನ್ನ ಮುಖ ನೋಡಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ಮೊಮ್ಮಗಳ ಮದುವೆ ವೈಶಾಖಕ್ಕೆ ಅಂದಿದ್ದಾರೆ. ಅಷ್ಟು ದಿನ ಕಾಯಬಹುದಾ, ಮುಂಚೆ ಮಾಡೋದಾ?"

"ಮುಂಚೆ ಮಾಡಿ" ಅಂದೆ. ಕ್ಯಾನ್ಸರ್ ಅನ್ನುವ ಪದ ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಮಗ ಅಳುತ್ತಿದ್ದ. ಅವರು ಅವನ ತೊಡೆ ತಟ್ಟುತ್ತಾ, ಛತ್ರ ಯಾವುದು ಖಾಲಿ ಇದೆ ಅಂತ ಕೇಳೋಕೆ ಶುರು ಮಾಡಿದರು.

ಹೇಳಿ ಕೈ ತೊಳೆದುಕೊಳ್ಳುವುದೂ ತಪ್ಪು. "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅನ್ನುವುದು ಹುಣ್ಣಿನಷ್ಟೇ ದೊಡ್ಡ ಸುಳ್ಳು. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಬೆಂಗಳೂರಿನ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರದಲ್ಲಿ ಇಂಥವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಎಲ್ಲಾ ಸಲವೂ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಲಂಬಾಣಿ ಮಾತ್ರ ಬರುವ ಅಜ್ಜಿಗೆ ನಾನು ಕನ್ನಡದಲ್ಲಿ ಐದು ಮಾತು ಹೇಳಿದರೆ ಮೊಮ್ಮಗ ಒಂದೇ ಮಾತಿಗೆ ಮುಗಿಸುತ್ತಾನೆ. ಏನು ಹೇಳಿದ ಅಂತ ನನಗೆ ತಿಳಿಯುವುದಿಲ್ಲ. ಈಗ ಆ ಭಾಷೆ ಬರುವ ಸಿಸ್ಟರ್ ಡ್ಯೂಟಿಯಲ್ಲಿ ಇರುವ ದಿನವೇ ಬರಹೇಳುತ್ತೇನೆ.

ಇದನ್ನು ಓದುತ್ತಿರುವ ನೀವು ನಾಳೆ ಅಪ್ಪನನ್ನೋ ಅಮ್ಮನನ್ನೋ ಬಯಾಪ್ಸಿಗೆ ಕರೆದುಕೊಂಡು ಹೋಗುವವರಿದ್ದರೆ, ಆಸ್ಪತ್ರೆ ತಲುಪುವ ಮುಂಚೆ ದಾರಿಯಲ್ಲೇ ಕೇಳಿಬಿಡಿ: "ರಿಪೋರ್ಟ್ ಬಂದಾಗ ಡಾಕ್ಟ್ರು ಮೊದಲು ಯಾರಿಗೆ ಹೇಳಲಿ?"