ಅತ್ತಿ ಕೈಗಿ ಸಿಗೋ ಹಂಗ ಜೋಡಿಸಿದ ಮನಿ

ಸಾಮಾನು ಕಟ್ಟುವಾಗ ನಮ್ಮ ಅತ್ತಿ ಹೇಳಿದ್ದು ಒಂದೇ ಮಾತು, ರೊಟ್ಟಿ ಸಾಮಾನು ಎಲ್ಲಾದಕ್ಕಿಂತ ಕಡೀಕ ಕಟ್ಟವಾ, ಅಲ್ಲಿ ಹೋದಮ್ಯಾಲ ಮೊದಲು ಅದನ್ನೇ ಬಿಚ್ಚಬೇಕು ಅಂತ. ಹಂಗಾಗಿ ಹಂಚು, ಹಿಟ್ಟು ನಾದೋ ಕೊಣಮಿಗಿ, ಹಿಟ್ಟಿನ ಡಬ್ಬಿ, ಗ್ಯಾಸ್ ಒಲಿ ಇವಿಷ್ಟು ಟಂಟಂ ಆಟೋದಾಗ ನನ್ನ ಕಾಲ ಹತ್ರಾನೇ ಇಟ್ಕೊಂಡು ಬಂದೆ, ಟಿವಿ, ಕನ್ನಡಿ ಎಲ್ಲಾ ಕೌದಿಯಾಗ ಸುತ್ತಿ ಹಿಂದ ಹಾಕಿದ್ವಿ. ಶಹಾಬಜಾರದಾಗಿನ ಬಾಡಿಗಿ ಮನಿ ಬಿಟ್ಟು ಸೇಡಂ ರೋಡ್ ಕಡಿ ನಮ್ಮ ಸ್ವಂತ ಮನಿಗಿ ಬಂದಿದ್ದು ಯುಗಾದಿ ಆದಮ್ಯಾಲ, ಅಂದ್ರ ಕಲಬುರಗಿ ಬಿಸಲು ನೆತ್ತಿ ಸುಡ್ಲಾಕ ಶುರು ಆಗೋ ಹೊತ್ತಿಗಿ. ವಾಸ್ತು ಆಯ್ತು, ಹಾಲು ಉಕ್ಕಿಸಿದ್ವಿ, ಬೀಗರು ಬಿಜ್ಜರು ಉಂಡು ಹೋದ್ರು. ಆಮ್ಯಾಲ ಮನಿ ತುಂಬ ಗಂಟು, ಚೀಲ, ಡಬ್ಬಾ, ನಡುವ ನಾವು.

ಈ ಊರಾಗ ಮನಿ ಜೋಡಿಸಬೇಕಂದ್ರ ಮೊದಲು ಬಿಸಲನ್ನ ಕೇಳಬೇಕು ರೀ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟೋದು ಇಲ್ಲಿ ಮಾಮೂಲಿ, ಪಡುವಣ ಗ್ವಾಡಿ ಮಧ್ಯಾಹ್ನ ಕಾದದ್ದು ರಾತ್ರಿ ಹನ್ನೊಂದಾದ್ರೂ ಕೈ ಹಚ್ಚಿದ್ರ ಬೆಚ್ಚಗೇ ಇರ್ತದ. ಅದಕ್ಕ ತಿಜೂರಿ ಎರಡೂ ಆ ಗ್ವಾಡಿಗೇ ನಿಲ್ಲಿಸಿದ್ವಿ, ಅವೇ ಬಿಸಿಗಿ ಅಡ್ಡ ಆಗ್ತಾವ, ಮಂಚ ಎದುರಿನ ಗ್ವಾಡಿಗಿ ಎಳದ್ವಿ. ಕೂಲರ್ ವಿಷಯದಾಗ ನಮ್ಮ ಮನಿಯವರು ಹಾಲ್‌ನಾಗ ಒಳಗೇ ಇಡೋಣ ಅಂದ್ರು, ನಾ ಒಪ್ಪಲಿಲ್ಲ, ಕೂಲರ್ ಹೊರಗಿನ ಒಣ ಗಾಳಿ ಎಳಕೊಂಡ್ರೇನೇ ತಂಪು, ಒಳಗಿನ ಗಾಳಿನೇ ತಿರುಗಿ ತಿರುಗಿ ಎಳಕೊಂಡ್ರ ಮೈ ಅಂಟಂಟು ಆಗ್ತದ ಅಷ್ಟೇ. ಕಿಟಕಿ ಹೊರಗ ಸ್ಟ್ಯಾಂಡ್ ಮಾಡಿಸಿ ಇಟ್ಟೀವಿ, ಗಾಳಿ ಹೋಗ್ಲಾಕ ಎದುರಿನ ಕಿಟಕಿ ಸ್ವಲ್ಪ ತೆರದಿಡ್ತೀವಿ.

ಆಮ್ಯಾಲ ನೀರು. ಭೀಮಾ ಮತ್ತ ಬೆಣ್ಣೆತೊರಾ ನೀರು ನಳಕ್ಕ ದಿನಾ ಬರಂಗಿಲ್ಲ, ಬಂದಾಗ ತುಂಬಿಟ್ಕೋಬೇಕು, ಬೋರ್ ನೀರು ಸವಳು, ಕುಡ್ಲಾಕ 20 ಲೀಟರ್ ಕ್ಯಾನು. ಮೂರೂ ನೀರಿಗಿ ಬ್ಯಾರೆ ಬ್ಯಾರೆ ಜಾಗ ಮಾಡಿ ಡ್ರಮ್ಮಿನ ಮ್ಯಾಗ ಪೇಂಟ್‌ಲೆ ಗುರ್ತು ಹಾಕಿದೆ, ಹುಡುಗರು ಅವಸರದಾಗ ಸವಳು ನೀರು ಬ್ಯಾಳಿಗಿ ಹಾಕಿದ್ರ ಬ್ಯಾಳಿ ಕುದಿಯಂಗಿಲ್ಲ ನೋಡ್ರಿ.

ಇವೆಲ್ಲಾ ಲಗೂನ ಮುಗದ್ವು. ಅಡಗಿ ಮನಿದೇ ದೊಡ್ಡ ಮಾತು.

ಮನಿ ಕಟ್ಟುವಾಗ ಬಡಿಗೇರ ಅಣ್ಣ ಫೋಟೋ ತೋರಿಸಿ, ಅಕ್ಕಾರ ಈಗ ಎಲ್ಲಾರೂ ಟ್ರಾಲಿನೇ ಮಾಡಿಸ್ತಾರ ರೀ ಅಂತ ಕಟ್ಟಿ ಕೆಳಗ ಪೂರಾ ಟ್ರಾಲಿ ಮಾಡಿ ಕೊಟ್ಟಿದ್ದ. ಮಾಡಿದ್ದು ಚೊಲೋನೇ ಮಾಡ್ಯಾನ, ಎಳದ್ರ ಬೆಣ್ಣಿ ಹಂಗ ಬರ್ತಾವ. ನಮ್ಮ ಅತ್ತಿಗಿ ಮೊಳಕಾಲು ನೋವು, ಬಗ್ಗಲಾಕ ಆಗಂಗಿಲ್ಲ, ಕಣ್ಣೂ ಈಗ ಸ್ವಲ್ಪ ಮಂದ. ಹಳೇ ಮನ್ಯಾಗ ಒಲಿ ಎಡಕ್ಕ ಗ್ವಾಡಿಯಾಗ ಫರ್ಸಿ ಕಲ್ಲಿನ ರ್ಯಾಕ್ ಇತ್ತು, ಮೊದಲು ಉಪ್ಪಿನ ಭರಣಿ, ಬಾಜೂಕ ಖಾರದ ಡಬ್ಬಿ, ಆಮ್ಯಾಲ ಅರಶಿಣ, ಸಾಸವಿ, ಜೀರಗಿ, ಮ್ಯಾಲಿನ ಸಾಲಿನಾಗ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಕರೆಂಟ್ ಹೋಗಿ ಕತ್ತಲಾದ್ರೂ ಅತ್ತಿ ಪಲ್ಯಾ ಮಾಡೋದು ನಿಲ್ತಿರಲಿಲ್ಲ, ಕೈ ತಾನೇ ಹೋಗಿ ತಾನೇ ತರ್ತಿತ್ತು.

ಇಲ್ಲಿ ಬಂದ ಮ್ಯಾಲ ಒಂದು ಸಂಜೀಕ ಪುಂಡಿಪಲ್ಯಾ ಮಾಡ್ಲಾಕ ಅತ್ತಿ ಒಲಿ ಮುಂದ ನಿಂತಿದ್ರು, ನಾ ಹಿಂದ ಕುಂತು ಬಳ್ಳೊಳ್ಳಿ ಸುಲಿಲಾಕತ್ತಿದ್ದೆ. ಒಗ್ಗರಣಿ ಸಿಡಿಯೋ ಹೊತ್ತಿಗಿ ಅವ್ರ ಎಡಗೈ ಹಂಗೇ ಗ್ವಾಡಿ ಕಡಿ ಹೋಯ್ತು, ಅಲ್ಲಿ ಏನದ, ಬರೇ ಟೈಲ್ಸ್. ಬೆರಳು ಟೈಲ್ಸಿನ ಮ್ಯಾಗ ಒಂದೀಟು ಸವರಾಡಿ ಹಿಂದಕ್ಕ ಬಂತು. ಏನೂ ಅನ್ಲಿಲ್ಲ. ಆಮ್ಯಾಲ ಮೆಲ್ಲಕ, ಉಪ್ಪು ಎಲ್ಲಿಟ್ಟೀಯವಾ ಅಂದ್ರು. ಕೆಳಗಿನ ಟ್ರಾಲಿಯಾಗ ಅದ ರೀ ಅತ್ತಿ, ತಡೀರಿ ನಾ ಕೊಡ್ತೀನಿ ಅಂದೆ. ಖಾರ ಕೇಳಿದ್ರು, ಅದನ್ನೂ ಕೊಟ್ಟೆ. ಎರಡು ದಿನ ಆದಮ್ಯಾಲ ಅವ್ರು ಅಡಗಿ ಮನಿಗಿ ಬರೋದೇ ಕಮ್ಮಿ ಮಾಡಿದ್ರು, ಹಾಲ್‌ನಾಗ ಕುಂತು, ನೀನೇ ಮಾಡವಾ, ನನಗ ಏನೂ ಸಿಗಂಗಿಲ್ಲ ಅನ್ಲಾಕತ್ರು. ನನ್ನ ಹೊಟ್ಟಿಯಾಗ ಕಲಿಸಿದಂಗ ಆಯ್ತು. ಸ್ವಂತ ಮನಿ ಬೇಕು ಅಂತ ಎಲ್ಲಾರಿಗಿಂತ ಹೆಚ್ಚು ಆಸೆ ಪಟ್ಟವ್ರು ಅವ್ರು, ಅವ್ರಿಗೇ ಈ ಮನ್ಯಾಗ ಒಂದು ಚಿಟಿಕಿ ಉಪ್ಪು ಇನ್ನೊಬ್ಬರನ್ನ ಕೇಳಿ ತಗೋಬೇಕು ಅಂದ್ರ ಹ್ಯಾಂಗ.

ಮರುದಿನಾನೇ ಮೇಸ್ತ್ರಿಗಿ ಫೋನ್ ಮಾಡಿಸಿ ಕರಸಿದೆ. ಒಲಿ ಎಡಕ್ಕ, ಹಳೇ ಮನ್ಯಾಗ ಎಷ್ಟು ಎತ್ತರ ಇತ್ತೋ ಅಷ್ಟೇ ಎತ್ತರಕ್ಕ, ಅತ್ತಿನ್ನೇ ನಿಲ್ಲಿಸಿ ಅವ್ರ ಭುಜದ ಅಳತಿ ತಗೊಂಡು ಎರಡು ಸಾಲು ಶಹಾಬಾದ್ ಕಲ್ಲು ಕೂಡಿಸಿದ್ವಿ. ನಮ್ಮ ಮನಿಯವರಿಗಿ ಹೊಸ ಟೈಲ್ಸ್ ಒಡಿಲಾಕ ಮನಸ್ಸಿರಲಿಲ್ಲ, ಗ್ಲಾಸಿನ ರ್ಯಾಕ್ ಹಚ್ಚೋಣ ಅಂದ್ರು, ಆದ್ರ ಗ್ಲಾಸಿನ ಮ್ಯಾಗ ಭರಣಿ ಕುಕ್ಕಿ ಇಡ್ಲಾಕ ಬರಂಗಿಲ್ಲ, ಕಲ್ಲಿನ ಮ್ಯಾಗ ಬರ್ತದ. ಶಹಾಬಾದ್ ಕಲ್ಲು ನಮ್ಮ ಜಿಲ್ಲಾದ್ದೇ, ಸುಣ್ಣದ ಕಲ್ಲು ಅದು, ಈ ಕಡಿ ಸುಣ್ಣದ ಕಲ್ಲು ಅದ ಅಂತನೇ ವಾಡಿ, ಸೇಡಂ ಕಡಿ ಅಷ್ಟು ಸಿಮೆಂಟ್ ಫ್ಯಾಕ್ಟರಿ ಬಂದಾವ. ಬಿಸಿಲಿಗಿ, ಹೊಗಿಗಿ, ಒರಲಿಗಿ ಏನೂ ಆಗಂಗಿಲ್ಲ. ಒಂದೇ ಎಚ್ಚರ, ಹುಳಿ ತಾಗಬಾರದು, ನಿಂಬಿಹಣ್ಣಿನ ರಸ, ಹುಣಸಿ ನೀರು ಚೆಲ್ಲಿದ್ರ ಕಲ್ಲು ತಿಂದು ಬಿಳಿ ಕಲೆ ಮಾಡ್ತದ, ಅದಕ್ಕ ಉಪ್ಪಿನಕಾಯಿ ಭರಣಿ ಕೆಳಗ ತಾಟು ಇಟ್ಟೀನಿ.

ಡಬ್ಬಿ ನಾ ಜೋಡಿಸಲಿಲ್ಲ. ಎಲ್ಲಾ ಕಟ್ಟಿ ಮ್ಯಾಗ ತಂದಿಟ್ಟು, ನೀವೇ ಇಡ್ರಿ ಅತ್ತಿ ಅಂದೆ. ಒಂದೊಂದೇ ಇಟ್ರು, ಇಟ್ಟಮ್ಯಾಲ ಕಣ್ಣು ಮುಚ್ಚಿ ಮುಟ್ಟಿ ನೋಡಿದ್ರು, ಜೀರಗಿ ಡಬ್ಬಿ ಒಂದು ಬಟ್ಟು ಈ ಕಡಿ ಸರಿಸಿದ್ರು. ಮಗಳು ಡಬ್ಬಿಗಿ ಚಂದನ್ನ ಲೇಬಲ್ ಹಚ್ತೀನಿ ಅಂದ್ಲು, ಹಚ್ಚು, ಆದ್ರ ಹಳೇ ಡಬ್ಬಿ ಬದಲಿ ಮಾಡಬ್ಯಾಡ ಅಂದೆ. ಒಂದೇ ಸೈಜಿನ ಹೊಸ ಡಬ್ಬಿ ಸೆಟ್ ನೋಡ್ಲಾಕ ಚಂದ ಇರ್ತಾವ ಖರೇ, ಮುಟ್ಟಿದ್ರ ಯಾವುದು ಯಾವುದು ಗೊತ್ತಾಗಂಗಿಲ್ಲ. ನಮ್ಮ ಖಾರದ ಡಬ್ಬಿಗಿ ಒಂದು ಕಡಿ ನೆಗ್ಗಿ ಹೋಗ್ಯಾದ, ಅತ್ತಿಗಿ ಅದೇ ಗುರ್ತು. ವಯಸ್ಸಾದವ್ರು ಇರೋ ಮನ್ಯಾಗ ಡಬ್ಬಿ ಬದಲಿ ಮಾಡೋದ್ರೊಳಗ ಒಂದ್ಸಲ ಅವ್ರನ್ನ ಕೇಳ್ರಿ ಅಂತ ನಾ ಎಲ್ಲಾರಿಗೂ ಹೇಳ್ಲಾಕತ್ತೀನಿ ಈಗ.

ಕಾಳಿಂದು ಇನ್ನೊಂದು ಕತಿ. ಟ್ರಾಲಿಯಾಗ ಜ್ವಾಳದ ಚೀಲ ಹ್ಯಾಂಗ ಇಡ್ತೀರಿ ಹೇಳ್ರಿ, ನಮ್ಮ ಊರು ಆಳಂದ ಕಡಿ, ವರ್ಷದ ಜ್ವಾಳ, ತೊಗರಿ ಹೊಲದಿಂದಾನೇ ಬರ್ತಾವ. ನಮ್ಮ ಊರ ಮನಿ ಮುಂದ ಹಗೇವು ಇತ್ತು, ನೆಲದಾಗ ಕಾಳು ತುಂಬಿ ಮ್ಯಾಗ ಮಣ್ಣು ಮುಚ್ಚತಿದ್ರು, ಇಲ್ಲಿ ಲೇಔಟಿನಾಗ ಎಲ್ಲಿ ತೋಡೋದು. ಒಂದು ಕಡಿ ಟ್ರಾಲಿ ತಗಸಿ ಜಾಗ ಖಾಲಿ ಮಾಡಿಸಿದೆ. ಹೊಸ ಮನಿಯಾಗ ಇನ್ನೊಂದು ಅದ, ಗ್ವಾಡಿ ಪ್ಲಾಸ್ಟರ್ ಇನ್ನೂ ಪೂರಾ ಒಣಗಿರಂಗಿಲ್ಲ, ಚೀಲ ಗ್ವಾಡಿಗಿ ಹಚ್ಚಿಟ್ರ ಕಾಳು ಹಸಿ ಎಳಕೊಂಡು ನುಸಿ ಬೀಳ್ತದ. ಅದಕ್ಕ ಕೆಳಗ ಹಲಗಿ ಹಾಕಿ, ಗ್ವಾಡಿಯಿಂದ ಒಂದು ಗೇಣು ಬಿಟ್ಟು ಇಟ್ಟೀವಿ. ಇಡೋ ಮೊದಲು ಮಾಳಗಿ ಮ್ಯಾಗ ಒಣಗಿಸಿದ್ವಿ, ಈ ಬಿಸಲು ಅದೊಂದಕ್ಕಾದ್ರೂ ಬಂತು, ಆಮ್ಯಾಲ ನೆರಳಾಗ ಒಣಗಿಸಿದ ಬೇವಿನ ಎಲಿ ನಡುನಡುವ ಹಾಕಿದ್ವಿ. ತೊಗರಿ ಬ್ಯಾಳಿಗಿ ಅತ್ತಿ ತಾವೇ ಕುಂತು ಔಡಲೆಣ್ಣಿ ಸವರಿ ಒಣಗಿಸಿ ಸ್ಟೀಲ್ ಪೀಪಾಕ್ಕ ತುಂಬಿದ್ರು. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಕಡೀದೇ ಬ್ಯಾಳಿ ಅನ್ನೋ ಸರ್ಕಾರಿ ಗುರ್ತು, ಸಿಕ್ಕದ ಅಂತ ಮಗ ಹೇಳಿದ, ಅತ್ತಿ ಪೀಪಾದ ಮುಚ್ಚಳ ಒತ್ತಿ ಹಾಕ್ತಾ, ನುಸಿಗಿ ಟ್ಯಾಗ್ ಗೊತ್ತಾಗಂಗಿಲ್ಲಪ್ಪಾ, ಎಣ್ಣಿ ಸವರಬೇಕು ಅಂದ್ರು.

ಹಳೇ ತಾಮ್ರದ ಹಂಡೆ ಕೊಟ್ಟು ಹೊಸ ಬಾಂಡೆ ತಗೊಳ್ಳೋಣ ಅಂತ ಮನ್ಯಾಗ ಮಾತು ನಡದಿತ್ತು, ನಾ ಬ್ಯಾಡ ಅಂದೀನಿ. ನೀರು ತುಂಬಿಡ್ಲಾಕ ಅದಕ್ಕಿಂತ ಗಟ್ಟಿ ಸಾಮಾನು ನಮ್ಮ ಹತ್ರ ಇನ್ನೊಂದಿಲ್ಲ, ಬಚ್ಚಲ ಮನಿ ಮೂಲ್ಯಾಗ ಇಟ್ಟೀವಿ, ಹುಣಸಿ ಹಣ್ಣು ಹಚ್ಚಿ ಮಗಳು ತಿಕ್ಕ್ಯಾಳ.

ಈಗ ಬಾಕಿ ಇರೋದು ಸಜ್ಜಾ ಮ್ಯಾಲಿನ ಟ್ರಂಕು. ಮಿರಗಾ (ಮೃಗಶಿರಾ) ಮಳಿ ಜೂನ್ ಮೊದಲನೇ ವಾರ ದಾಟಿದ್ರ ಹತ್ತತದ, ಅದರೊಳಗ ಕೌದಿ ಎಲ್ಲಾ ಒಗದು ಒಣಗಿಸಿ ಮಡಚಿ ಇಡಬೇಕು. ಯಾವ ಕೌದಿ ಯಾವ ಟ್ರಂಕಿಗಿ ಅನ್ನೋದು ಅತ್ತಿ ಆಗಲೇ ಮಂಚದ ಮ್ಯಾಗ ಕುಂತು ಹೇಳ್ಲಾಕ ಶುರು ಮಾಡ್ಯಾರ, ನಾ ಸೀಮೆಸುಣ್ಣ ತಗೊಂಡು ಟ್ರಂಕಿನ ಮ್ಯಾಗ ಬರೀಲಾಕತ್ತೀನಿ.