ರಿಸ್ಟೋರ್‌ಗೆ ಮೊದಲು ಲಾಗ್‌ನ ಬಾಲ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಆವಕ ಜೋರಾಗಿದ್ದ ಒಂದು ದಿನ, ದಲ್ಲಾಳಿ ಅಂಗಡಿಯೊಂದರ ಸರ್ವರ್‌ನಲ್ಲಿ ಡೇಟಾ ಫೈಲ್ ಇದ್ದ ಡಿಸ್ಕ್ ಮಧ್ಯಾಹ್ನ 1.40ಕ್ಕೆ ಕೆಟ್ಟಿತು. ಹಿಂದಿನ ರಾತ್ರಿಯ ಪೂರ್ಣ ಬ್ಯಾಕಪ್ ಇತ್ತು. ಗಂಟೆಗೊಮ್ಮೆ ತೆಗೆದ ಲಾಗ್ (ಬದಲಾವಣೆಗಳ ದಾಖಲೆ) ಬ್ಯಾಕಪ್‌ಗಳೂ ಇದ್ದವು, ಕೊನೆಯದು 1 ಗಂಟೆಯದು. ನಾನು ತಲುಪುವಷ್ಟರಲ್ಲಿ ಗುಮಾಸ್ತರು ಬ್ಯಾಕಪ್ಪಿನಿಂದ ಡೇಟಾಬೇಸನ್ನು ಮರಳಿ ತರುವ ರಿಸ್ಟೋರ್ ಪರದೆ ತೆರೆದು, ಇರುವ ಡೇಟಾಬೇಸ್‌ನ ಮೇಲೆಯೇ ಬರೆಯುವ ‘ರಿಪ್ಲೇಸ್’ ಆಯ್ಕೆಗೆ ಗುರುತು ಹಾಕಿದ್ದರು. “ಸರ್, ರೈತರು ಪಟ್ಟಿಗೆ ಕಾಯ್ತಿದ್ದಾರೆ, ಬೇಗ ಮುಗಿಸಿಬಿಡೋಣ” ಎಂದರು. ಆ ಗುರುತನ್ನು ತೆಗೆಯಿರಿ ಎಂದು ಕೇಳಿಕೊಂಡೆ.

1 ಗಂಟೆಯ ನಂತರದ 40 ನಿಮಿಷಗಳಲ್ಲಿ ನಮೂದಾದ ತೂಕ, ದರ, ಹಮಾಲಿ, ಮುಂಗಡ ಯಾವ ಬ್ಯಾಕಪ್‌ನಲ್ಲೂ ಇರಲಿಲ್ಲ. ಆದರೆ ಅಂಗಡಿಯ ಲೆಕ್ಕ ಇಟ್ಟಿದ್ದ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ಗೆ ಬರೆದು, ಆಮೇಲೆ ತನ್ನ ಬಿಡುವಿನಲ್ಲಿ ಡೇಟಾ ಫೈಲ್‌ಗೆ ಇಳಿಸುತ್ತದೆ. ಲಾಗ್ ಫೈಲ್ ಬೇರೆ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದುದರಿಂದ ಆ 40 ನಿಮಿಷಗಳ ವ್ಯವಹಾರವೆಲ್ಲ ಅಲ್ಲಿ, ಅಲ್ಲಿ ಮಾತ್ರ, ಉಳಿದಿತ್ತು. ಈ ಉಳಿಕೆಯನ್ನೇ ಲಾಗ್‌ನ ಬಾಲ ಎನ್ನುವುದು. ಬಾಲದ ಬ್ಯಾಕಪ್ ಆಗಿಲ್ಲವೆಂದು 3159ನೇ ಸಂಖ್ಯೆಯ ದೋಷಸಂದೇಶ ತೋರಿಸಿ ಸರ್ವರ್ ರಿಸ್ಟೋರನ್ನು ನಿರಾಕರಿಸುವುದು ನಮ್ಮ ಹಿತಕ್ಕಾಗಿಯೇ. ‘ರಿಪ್ಲೇಸ್’ ಕೊಟ್ಟರೆ ಆ ತಡೆಯೂ ಇಲ್ಲವಾಗಿ, ಬಾಲ ಶಾಶ್ವತವಾಗಿ ಅಳಿಯುತ್ತದೆ.

ಆದ್ದರಿಂದ ಮೊದಲು ‘ಬ್ಯಾಕಪ್ ಲಾಗ್’ ಆಜ್ಞೆಯನ್ನು ‘ನೋ ಟ್ರಂಕೇಟ್’ ಮತ್ತು ‘ನೋ ರಿಕವರಿ’ ಆಯ್ಕೆಗಳೊಂದಿಗೆ ಕೊಟ್ಟೆ. ಮೊದಲನೆಯದು ಡೇಟಾ ಫೈಲ್ ಸಿಗದಿದ್ದರೂ ಲಾಗ್ ಓದಲು ಬಿಡುತ್ತದೆ. ಎರಡನೆಯದು ಡೇಟಾಬೇಸನ್ನು ರಿಸ್ಟೋರ್ ಸ್ಥಿತಿಗೆ ಒಯ್ದು, ಮುಂದೆ ಯಾರೂ ಹೊಸ ನಮೂದು ಮಾಡದಂತೆ ತಡೆಯುತ್ತದೆ. ಇದು ಎಲ್ಲ ಕಡೆಯೂ ಸಾಧ್ಯವಿಲ್ಲ; ಲಾಗನ್ನು ಹೇಗೆ ಉಳಿಸಿಕೊಳ್ಳಬೇಕೆಂದು ನಿರ್ಧರಿಸುವ ‘ರಿಕವರಿ ಮಾದರಿ’ ಯಾವುದು ಎಂಬುದರ ಮೇಲೆ ನಿಂತಿದೆ. ಸಿಂಪಲ್ ರಿಕವರಿ ಮಾದರಿಯಲ್ಲಿ ಲಾಗ್ ಬ್ಯಾಕಪ್ಪೇ ಇಲ್ಲ. ಬಲ್ಕ್-ಲಾಗ್ಡ್ ಮಾದರಿಯಲ್ಲಿ, ಕೊನೆಯ ಲಾಗ್ ಬ್ಯಾಕಪ್ಪಿನ ನಂತರ ರಾಶಿ ದತ್ತಾಂಶವನ್ನು ಒಮ್ಮೆಲೇ ತುಂಬಿಸಿದ್ದು, ಡೇಟಾ ಫೈಲ್ ಕೆಟ್ಟಿದ್ದರೆ ಬಾಲ ಸರಿಯಾಗಿ ಕೈಗೆ ಬರುವುದಿಲ್ಲ. ಈ ಅಂಗಡಿಯಲ್ಲಿ ಎಲ್ಲವನ್ನೂ ಲಾಗ್‌ನಲ್ಲಿ ಬರೆದಿಡುವ ಫುಲ್ ಮಾದರಿ ಇತ್ತೆಂಬುದೇ ದೊಡ್ಡ ಸಮಾಧಾನ. ಗಾಬರಿಯಲ್ಲಿ ಡೇಟಾಬೇಸನ್ನು ಡಿಟ್ಯಾಚ್ ಮಾಡುವ, ಅಂದರೆ ಸರ್ವರ್‌ನಿಂದ ಬಿಡಿಸುವವರನ್ನೂ ಕಂಡಿದ್ದೇನೆ. ಕೆಟ್ಟದ್ದನ್ನು ಹಾಗೆ ಬಿಡಿಸಿದರೆ ಮತ್ತೆ ಜೋಡಿಸುವುದು ಬಹಳ ಕಷ್ಟ, ದಯವಿಟ್ಟು ಮಾಡಬೇಡಿ.

ಬಾಲದ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಂಡ ಮೇಲೆಯೇ ಹೊಸ ಡಿಸ್ಕ್‌ಗೆ ಪೂರ್ಣ ಬ್ಯಾಕಪ್ಪನ್ನೂ, ಗಂಟೆಗಂಟೆಯ ಲಾಗ್‌ಗಳನ್ನೂ ಸರಣಿ ತಪ್ಪದಂತೆ ‘ನೋ ರಿಕವರಿ’ಯಲ್ಲಿ, ಅಂದರೆ ಮುಂದಿನ ಲಾಗ್ ಸೇರಿಸಲು ಅವಕಾಶ ಉಳಿಸಿಕೊಂಡು, ಏರಿಸಿ, ಕಟ್ಟಕಡೆಗೆ ಬಾಲವನ್ನು ಡೇಟಾಬೇಸನ್ನು ಬಳಕೆಗೆ ತೆರೆಯುವ ‘ರಿಕವರಿ’ ಆಯ್ಕೆಯೊಂದಿಗೆ ಸೇರಿಸಿದೆ. ಗುಮಾಸ್ತರು ತೂಕದ ಚೀಟಿಗಳನ್ನು ಒಂದೊಂದಾಗಿ ಓದಿದರು, ನಾನು ಪರದೆಯಲ್ಲಿ ತಾಳೆ ನೋಡಿದೆ, 1.38ರ ಕೊನೆಯ ಚೀಟಿಯವರೆಗೆ ಎಲ್ಲವೂ ಇದ್ದವು.