ಫ್ರಿಜ್ಜಿನೊಳಗೆ ಗಾಡಿ ಕೀ

ಸಾಕ್ಷ್ಯಚಿತ್ರ ಮಾಡುವವರು ಸೇರಿದ ಕಡೆ ಕ್ಯಾಮೆರಾದ ಮಾತು ಬೇಗ ಮುಗಿಯುತ್ತೆ, ಮೈಕಿನ ಮಾತು ಮುಗಿಯೋದೇ ಇಲ್ಲ. ಮನೆಯಲ್ಲಿ ಸಂದರ್ಶನ ಅಂದರೆ ಮೊದಲು ಫ್ಯಾನು, ಫ್ರಿಜ್ಜು ಆರಿಸಿ. ಕಂಪ್ರೆಸರ್ ಶುರುವಾದಾಗ ಬರುವ ಗುಂಯ್ ಸದ್ದು ಆಮೇಲೆ ನಿಲ್ಲುತ್ತೆ. ಎಡಿಟಿಂಗಿನಲ್ಲಿ ಎರಡು ಮಾತು ಜೋಡಿಸಿದ ಕಡೆ ಅದು ಕತ್ತರಿಸಿದಂತೆ ಕೇಳುತ್ತೆ. ಆರಿಸಿದವರು ತಮ್ಮ ಗಾಡಿ ಕೀಯನ್ನು ಫ್ರಿಜ್ಜಿನೊಳಗೇ ಇಡಬೇಕು, ಹೊರಡುವಾಗ ಕೀ ತೆಗೆಯಲು ಹೋದರೆ ಫ್ರಿಜ್ಜು ಮತ್ತೆ ಹಾಕೋದು ನೆನಪಾಗುತ್ತೆ. ಇಲ್ಲವಾದರೆ ಆ ಮನೆಯ ಹಾಲು ಒಡೆದ ಪಾಪ ನಿಮಗೆ.

ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಲಿ. ರೇಷ್ಮೆ ಸೆರಗು, ಕೊರಳ ಸರ ಎರಡೂ ಅದಕ್ಕೆ ಆಗಿಬರಲ್ಲ. ಸರವನ್ನು ಒಳಗೆ ಸೇರಿಸಿಕೊಳ್ಳಲು ಹೇಳಿ, ವೈರನ್ನು ಒಂದು ಸುತ್ತು ಸಡಿಲ ಬಿಟ್ಟು ಟೇಪ್ ಹಚ್ಚಿ. ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು ನಿಂತರೆ ಸಾಕು, ನಗುವಾಗ ದನಿ ಏರುತ್ತೆ, ಸೊನ್ನೆ ದಾಟಲು ಹೋದರೆ ಒಡೆಯುತ್ತೆ. ಒಮ್ಮೆ ಒಡೆದ ಸದ್ದು ರಿಪೇರಿಯಾಗಲ್ಲ. ಮುಗಿದ ಮೇಲೆ ಯಾರೂ ಏಳದೆ ಸುಮ್ಮನಿರುವ ಕೋಣೆಯ ಸದ್ದನ್ನು 60 ಸೆಕೆಂಡು ಹಿಡಿಯಿರಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಅದೇ ಬಟ್ಟೆ.

ಚಿತ್ರದ್ದು ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಡಿ. 1/60 ಇಟ್ಟರೆ ಹಳೇ ಚೋಕಿನ ಟ್ಯೂಬ್‌ಲೈಟಿನಡಿ ಗೋಡೆ ಮೇಲೆ ಪಟ್ಟೆ ಹರಿದಾಡುತ್ತೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದು ಎಷ್ಟೋ ಸಲ ಕಾಣೋದೇ ಇಲ್ಲ.